ಶ್ರೀ ಬ್ಯಾಕಪ್ ವ್ರತವಿಧಿ (ಅಪ್‌ಗ್ರೇಡ್ ಕಥಾಸಹಿತ)

ಪೀಠಿಕೆ

ಮಿಕ್ಸಿ ಕೊಂಡರೆ ಜೊತೆಗೊಂದು ಕೈಪಿಡಿ ಬರುತ್ತದೆ. ಅದನ್ನು ಓದಿದವರನ್ನು ನಾನು ಈವರೆಗೆ ಕಂಡಿಲ್ಲ. ವಾರಂಟಿ ಕಾರ್ಡಿನ ಜೊತೆ ಮಡಚಿ ಕಪಾಟಿನ ಮೇಲಿನ ಅರೆಗೆ ತುರುಕಿದರೆ ಮುಗಿಯಿತು. ಅದೇ ಸತ್ಯನಾರಾಯಣ ವ್ರತದ ಪುಸ್ತಿಕೆಯನ್ನು ನೋಡಿ. ಎಣ್ಣೆ, ಅರಿಶಿನ ಹತ್ತಿ ಹಾಳೆ ಉದುರುತ್ತಿದ್ದರೂ ಐದು ಅಧ್ಯಾಯವನ್ನೂ ಬಿಡದೆ ಓದುತ್ತಾರೆ, ಮನೆಮಂದಿಯೆಲ್ಲ ಕೂತು ಕೇಳುತ್ತಾರೆ. ಮಿಕ್ಸಿಯ ಕೈಪಿಡಿ ಏನು ಮಾಡಬೇಕು ಅನ್ನುವುದನ್ನಷ್ಟೇ ಹೇಳುತ್ತದೆ. ವ್ರತದ ಪುಸ್ತಿಕೆ, ಮಾಡದೆ ಹೋದವನ ದೋಣಿ ಏನಾಯಿತು ಅನ್ನುವುದನ್ನೂ ಹೇಳುತ್ತದೆ.

ಕಡತಗಳ ಬ್ಯಾಕಪ್ ತೆಗೆದು ಲಿನಕ್ಸ್ ಅಪ್‌ಗ್ರೇಡ್ ಮಾಡುವ ಈ ಕೈಪಿಡಿಯನ್ನು ಅದೇ ಕಾರಣಕ್ಕೆ ವ್ರತದ ಪುಸ್ತಿಕೆಯ ಧಾಟಿಯಲ್ಲಿ ಬರೆದಿದೆ. ಇದು ಡೆಬಿಯನ್ 12ರಿಂದ 13ಕ್ಕೆ ಹೋಗುವವರಿಗೆ. ಉಬುಂಟು, ಮಿಂಟ್ ಮನೆತನದವರೂ ಆಚರಿಸಬಹುದು. ಮಂತ್ರ ಅಲ್ಲಲ್ಲಿ ಬೇರೆ, ಗೋತ್ರ ಒಂದೇ. ವಿಂಡೋಸಿನವರಿಗೆ ಅಧಿಕಾರವಿಲ್ಲ ಎಂದಲ್ಲ. ಅವರಿಗೆ ಅಪ್‌ಗ್ರೇಡ್ ತಾನಾಗಿಯೇ ಬಂದು ಮೈಮೇಲೆ ಏರುತ್ತದೆ, ಸಂಕಲ್ಪಕ್ಕೆ ಪುರುಸೊತ್ತು ಕೊಡುವುದಿಲ್ಲ. ಇಲ್ಲಿ ಕನ್ನಡದಲ್ಲಿ ಬರೆದ ಮಂತ್ರಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತತಕ್ಕದ್ದು. ಕನ್ನಡದಲ್ಲಿ ಒತ್ತಿದರೆ ಅಂಥ ಆಜ್ಞೆಯೇ ಇಲ್ಲ ಅನ್ನುತ್ತದೆ ಯಂತ್ರ. ಸರ್ಕಾರಿ ಕಚೇರಿಯ ನೆನಪಾದರೆ ಅದು ನಿಮ್ಮ ಅನುಭವ.

ಆ ಪುಸ್ತಿಕೆಯ ಸಾಧು ವೈಶ್ಯನೇ ಈ ವ್ರತಕ್ಕೂ ಆದಿಪುರುಷ. ಮಗು ಹುಟ್ಟಲಿ, ಪೂಜೆ ಮಾಡಿಸುತ್ತೇನೆ ಎಂದ. ಕಲಾವತಿ ಹುಟ್ಟಿದಳು. ಅವಳ ಮದುವೆಯ ಹೊತ್ತಿಗೆ ಮಾಡಿಸಿದರಾಯಿತು ಎಂದ. ಮದುವೆಯೂ ಆಯಿತು, ಅವನು ಅಳಿಯನನ್ನು ಕರೆದುಕೊಂಡು ವ್ಯಾಪಾರಕ್ಕೆ ಹೊರಟೂ ಹೋದ. ನಾವು? ಹೊಸ ಹಾರ್ಡ್ ಡಿಸ್ಕ್ ಬರಲಿ ಅನ್ನುತ್ತೇವೆ; ಬರುತ್ತದೆ. ಫೋಟೋಗಳನ್ನೆಲ್ಲ ಒಂದು ಸಲ ಓರಣ ಮಾಡಿಬಿಡುತ್ತೇನೆ, ಆಮೇಲೆ ಅನ್ನುತ್ತೇವೆ. ಫೋಟೋಗಳನ್ನು ಓರಣ ಮಾಡಿ ಮುಗಿಸಿದ ಮನುಷ್ಯ ಇನ್ನೂ ಹುಟ್ಟಬೇಕಷ್ಟೆ. ಕೊನೆಗೆ ದೋಣಿಯಲ್ಲಿ ಏನಿದೆಯಪ್ಪಾ ಎಂದು ದಂಡಿ ಸನ್ಯಾಸಿ ಕೇಳಿದಾಗ ಸಾಧು, ಏನಿಲ್ಲ, ಬರೀ ಬಳ್ಳಿ ಎಲೆ ಎಂದುಬಿಟ್ಟ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ನಾವೂ ಹಾಗೇ, ಏನಿಲ್ಲ, ಚೂರುಪಾರು ಅನ್ನುತ್ತೇವೆ. ಹಾಗನ್ನಬಾರದು. ತಥಾಸ್ತು ಅನ್ನುವವರು ಡಿಸ್ಕಿನ ಒಳಗೂ ಇರುತ್ತಾರೆ.

ಸಾಮಗ್ರಿ

ಹೊರಗಿನ ಹಾರ್ಡ್ ಡಿಸ್ಕ್ ಎರಡು. ಅದರ ವಯರ್, ಅಲ್ಲಾಡಿಸದೆಯೇ ಕೆಲಸ ಮಾಡುವಂಥದ್ದು, ಒಂದು. ಅಂಚೆ ಚೀಟಿಯಷ್ಟು ಪೆನ್ ಡ್ರೈವ್ ಒಂದು, ಯಂತ್ರ ಏಳದೇ ಹೋದರೆ ಎಬ್ಬಿಸಲಿಕ್ಕೆ. ಚಾರ್ಜರ್. ಹಾಳೆ, ಪೆನ್ಸಿಲ್. ಇನ್ವರ್ಟರ್ ಇದ್ದವರು ಪುಣ್ಯವಂತರು. ಕಷಾಯ, ಬೇಕಾದಷ್ಟು.

ಡಿಸ್ಕ್ ಎರಡು ಯಾಕೆ ಎಂದು ಮನೆಯಾಕೆ ಕೇಳಿದಳು. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಪ್ರಚಾರಕ್ಕೆ ತಂದ ಮೂರು-ಎರಡು-ಒಂದು ಸೂತ್ರವನ್ನು ವಿವರಿಸತೊಡಗಿದೆ: ಪ್ರತಿ ಮೂರು ಇರಬೇಕು, ಎರಡು ಬಗೆಯ ಮಾಧ್ಯಮದಲ್ಲಿ ಇರಬೇಕು, ಒಂದು ಪ್ರತಿ ಮನೆಯಿಂದ ಹೊರಗೆ ಇರಬೇಕು. ಅವಳು ಅರ್ಧಕ್ಕೇ ತಡೆದಳು. "ಅಷ್ಟೇ ತಾನೇ ರೀ? ಅಪ್ಪೆಮಿಡಿ ಹಾಕೋದೂ ಹಾಗೇ." ಸುಳ್ಳಲ್ಲ. ನಮ್ಮ ಮನೆಯಲ್ಲಿ ವರ್ಷದ ಮಿಡಿ ಉಪ್ಪಿನಕಾಯಿಯನ್ನು ಒಂದೇ ಭರಣಿಗೆ ಎಂದೂ ತುಂಬಿದ್ದಿಲ್ಲ. ಒಂದು ಪಿಂಗಾಣಿ ಭರಣಿ ನಡುಮನೆಯಲ್ಲಿ, ದಿನಬಳಕೆಗೆ ಒಂದು ಗಾಜಿನದ್ದು ಅಡುಗೆಮನೆಯಲ್ಲಿ, ಇನ್ನೊಂದು ಭರಣಿ ಶಿರಸಿಯ ತಂಗಿಯ ಮನೆಗೆ. ಒದ್ದೆ ಸೌಟು ಹಾಕಿ ಒಂದಕ್ಕೆ ಬೂಸಲು ಬಂದರೆ ಉಳಿದೆರಡು ಬದುಕಿರುತ್ತವೆ. ಕ್ರೋಗ್ ಸಾಹೇಬರು ಹೇಳದ ಒಂದು ಮಾತನ್ನೂ ಅವಳು ಸೇರಿಸಿದಳು: "ಭರಣಿ ಮೂರಿದ್ರೆ ಸಾಲದು, ತಿಂಗಳಿಗೊಂದ್ಸಲ ಬಾಯಿ ಬಿಚ್ಚಿ ನೋಡ್ಬೇಕು." ಈ ಮಾತು ಮುಂದೆ ಪ್ರಸಾದದ ಹೊತ್ತಿಗೆ ಬೇಕಾಗುತ್ತದೆ, ನೆನಪಿಡತಕ್ಕದ್ದು.

ಮಲೆನಾಡಿನವರಿಗೆ ವಿಶೇಷ ಸೂಚನೆ. ಆಷಾಢದಿಂದ ಭಾದ್ರಪದದವರೆಗೆ ಇಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ, ಎಲ್ಲಕ್ಕೂ ಬೂಸಲು ಬರುತ್ತದೆ. ಡಿಸ್ಕನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟರೆ ತೇವ ಹಿಡಿಯುವುದಿಲ್ಲ ಎಂದು ಯಾರೋ ಹೇಳಿದ್ದನ್ನು ಕೇಳಿ ಹಾಗೇ ಮಾಡಿದ್ದೆ. ಒಂದು ಬೆಳಿಗ್ಗೆ ಅಡುಗೆಮನೆಯಿಂದ ಕೂಗು ಬಂತು: "ರೀ, ನಿಮ್ಮ ಬ್ಯಾಕಪ್ ಅನ್ನದ ಜೊತೆ ಬೇಯ್ತಿತ್ತು!" ಗಾಳಿಯಾಡದ ಡಬ್ಬ, ಒಳಗೆ ಹೊಸ ಬ್ಯಾಗು ಶೂಗಳ ಜೊತೆ ಬರುತ್ತದಲ್ಲ, ತೇವ ಹೀರುವ ಆ ಹರಳಿನ ಚೀಟಿ. ಅಷ್ಟು ಸಾಕು.

ಹೊಸ ಡಿಸ್ಕ್ ಅಥವಾ ಪೆನ್ ಡ್ರೈವ್ ಫ್ಯಾಟ್ 32 ಎಂಬ ಹಳೆಯ ಪದ್ಧತಿಯಲ್ಲಿ ಅಣಿಯಾಗಿದ್ದರೆ ಅದರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ. ಮದುವೆಯ ವಿಡಿಯೋ ಧಾರೆಯವರೆಗೆ ಮಾತ್ರ ಬಂದು ನಿಂತರೆ ಗಾಬರಿಯಾಗಬೇಡಿ. ಡಿಸ್ಕನ್ನು ಲಿನಕ್ಸಿನದೇ ಎಕ್ಸ್‌ಟ್4 ಪದ್ಧತಿಗೆ ತನ್ನಿ. ಅದರಲ್ಲಿ ಬೇರೊಂದು ಕಟ್ಟಳೆ ಇದೆ, ಅದು ಕನ್ನಡಿಗರನ್ನು ಹುಡುಕಿಕೊಂಡು ಬಂದು ಕಾಡುವಂಥದ್ದು. ಕಡತದ ಹೆಸರು 255 ಬೈಟ್ ಮೀರಕೂಡದು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಚಿಹ್ನೆಗೆ ಮೂರು. ಹಾಗಾಗಿ ನಮಗೆ ಸಿಗುವುದು 85 ಚಿಹ್ನೆ ಮಾತ್ರ. 'ಶ್ರೀ' ಒಂದಕ್ಕೇ ಶಕಾರ, ಹಲಂತ, ರಕಾರ, ದೀರ್ಘ ಎಂದು 12 ಬೈಟ್ ಖರ್ಚು. ವಿಂಡೋಸಿನಲ್ಲಿ ಲೆಕ್ಕ ಬೇರೆ, ಅಲ್ಲಿ ಉದ್ದುದ್ದ ಕನ್ನಡ ಹೆಸರು ನಡೆಯುತ್ತದೆ. ತಂಗಿಯ ಕಂಪ್ಯೂಟರಿನಿಂದ ಬಂದ ಆಮಂತ್ರಣ ಪತ್ರಿಕೆಯೊಂದರ ಹೆಸರಿನಲ್ಲಿ ವರನ ಅಜ್ಜನಿಂದ ಹಿಡಿದು ಕಲ್ಯಾಣಮಂಟಪದ ವಿಳಾಸದವರೆಗೆ ಎಲ್ಲ ಇತ್ತು. ನಕಲು ಅಲ್ಲೇ ನಿಂತಿತು. ಅಜ್ಜನನ್ನು ಬಿಟ್ಟ ಮೇಲೆ ಒಳಗೆ ಬಂತು.

ಮುಹೂರ್ತ

ಡೆಬಿಯನ್ 13 ಬಿಡುಗಡೆಯಾದದ್ದು 2025ರ ಆಗಸ್ಟ್ 9, ಶನಿವಾರ. ಅಂದು ನೂಲ ಹುಣ್ಣಿಮೆ. ಅಪ್ಪ ಹೊಸ ಜನಿವಾರ ಹಾಕಿಕೊಂಡು, ಆಮೇಲೆ ಹಳೆಯದನ್ನು ತೆಗೆದರು. ಈ ವ್ರತದ ತಿರುಳೆಲ್ಲ ಅಲ್ಲೇ ಇತ್ತು: ಹೊಸದು ಹೆಗಲೇರಿದ ಮೇಲೆಯೇ ಹಳೆಯದು ಇಳಿಯುವುದು, ನಡುವೆ ಒಂದು ಗಳಿಗೆಯೂ ಹೆಗಲು ಬರಿದಾಗಿರುವಂತಿಲ್ಲ. ನನಗೆ ಹೊಳೆಯಲಿಲ್ಲ. ನಾನಾಗ ಫೋನಿನಲ್ಲಿ ಬಿಡುಗಡೆಯ ಸುದ್ದಿ ಓದುತ್ತಿದ್ದೆ.

ಬಿಡುಗಡೆಯ ದಿನವೇ ಅಪ್‌ಗ್ರೇಡ್ ಮಾಡುವುದೆಂದರೆ ಹೊಸ ಸೇತುವೆಯ ಮೇಲೆ ಮೊದಲ ಲಾರಿ ಓಡಿಸಿದ ಹಾಗೆ. ಬೇರೆಯವರ ಲಾರಿ ಒಂದೆರಡು ದಾಟಲಿ. ಅವಸರ ಸಲ್ಲದು ಅನ್ನುವುದಕ್ಕೆ 2024ರ ಮಾರ್ಚಿನಲ್ಲಿ ನಡೆದದ್ದೇ ಸಾಕ್ಷಿ. ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್, ತನ್ನ ಯಂತ್ರಕ್ಕೆ ಲಾಗಿನ್ ಆಗುವಾಗ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹೋದ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಬಡಪಾಯಿ ತಂತ್ರಾಂಶದೊಳಗೆ ಯಾರೋ ಹಿಂಬಾಗಿಲು ಕೊರೆದಿಟ್ಟದ್ದು ಸಿಕ್ಕಿತು. ಡೆಬಿಯನ್ನಿನ ಅಸ್ಥಿರ ಆವೃತ್ತಿ ಬಳಸುತ್ತಿದ್ದ ಉತ್ಸಾಹಿಗಳ ಮನೆಗೆ ಅದು ಆಗಲೇ ಬಂದು ಕೂತಿತ್ತು. ಸ್ಥಿರ ಆವೃತ್ತಿಯ ಮಂದಗತಿಯವರಿಗೆ ಬಂದಿರಲಿಲ್ಲ. ಅರ್ಧ ಸೆಕೆಂಡ್! ನಮ್ಮ ಮನೆಯಲ್ಲಿ ಬ್ರೌಸರ್ ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಕಷಾಯ ಮುಗಿಯುತ್ತದೆ, ಯಾರಿಗೂ ಅನುಮಾನ ಬಂದಿಲ್ಲ.

ಮೊದಲ ದುರಸ್ತಿಯ ಆವೃತ್ತಿ 13.1 ಬರಲಿ ಎಂದು ಕಾದೆ. ಬಂತು, ಸೆಪ್ಟೆಂಬರ್ 6ಕ್ಕೆ. ಅಂದು ಅನಂತನ ಚತುರ್ದಶಿ, ಮನೆಯಲ್ಲಿ ಮತ್ತೊಂದು ದಾರ ಬದಲಾಯಿಸುವ ಗಡಿಬಿಡಿ. ಮರುದಿನ ರಾತ್ರಿ ಖಗ್ರಾಸ ಚಂದ್ರಗ್ರಹಣ. ಅದರ ಬೆನ್ನಿಗೇ ಪಿತೃಪಕ್ಷ. "ಪಕ್ಷದಲ್ಲಿ ಹೊಸ ಕೆಲಸಕ್ಕೆ ಕೈ ಹಾಕ್ತಾರೇನೋ?" ಎಂದರು ಅಪ್ಪ. ಪಿತೃಗಳಿಗೂ ಪ್ಯಾಕೇಜುಗಳಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಬರಲಿಲ್ಲ. ಆಮೇಲೆ ನವರಾತ್ರಿ. ಆಯುಧಪೂಜೆಯ ದಿನ ಲ್ಯಾಪ್‌ಟಾಪಿಗೆ ಕುಂಕುಮ, ಸೇವಂತಿಗೆ. ಅಂದು ಅದನ್ನು ಮುಟ್ಟುವಂತಿಲ್ಲ. ಕುಂಕುಮವನ್ನು ಮುಚ್ಚಳಕ್ಕೆ ಹಚ್ಚತಕ್ಕದ್ದು, ಫ್ಯಾನಿನ ಕಿಂಡಿಗಲ್ಲ. ಅಂತೂ ಅಕ್ಟೋಬರ್ 2, ವಿಜಯದಶಮಿ, ನಿಕ್ಕಿಯಾಯಿತು. ಡೆಬಿಯನ್ 12ಕ್ಕೆ ರಕ್ಷಣೆಯ ತಿದ್ದುಪಡಿಗಳು ನಿಲ್ಲಲು ಇನ್ನೂ ತಿಂಗಳುಗಟ್ಟಲೆ ಸಮಯವಿತ್ತು. ಆದ್ದರಿಂದ ಈ ಮುಂದೂಡಿಕೆಯನ್ನೆಲ್ಲ ವಿವೇಕ ಎಂದು ಕರೆದುಕೊಳ್ಳಲು ಅಡ್ಡಿಯಿಲ್ಲ.

ಅಟ್ಟದ ಮೇಲಿನ ಹಳೆಯ 32 ಬಿಟ್ ಕಂಪ್ಯೂಟರಿಗೆ ಮುಹೂರ್ತ ಹುಡುಕಬೇಡಿ. ಆ ಜಾತಿಯ ಯಂತ್ರಗಳಿಗೆ ಡೆಬಿಯನ್ 13ರಲ್ಲಿ ಕರ್ನಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಅದು ವಾನಪ್ರಸ್ಥದಲ್ಲಿದೆ.

ಸಂಕಲ್ಪ

ಪೂಜೆಗೆ ಕೂತರೆ ಭಟ್ಟರು ಮೊದಲು ಎಲ್ಲಿ ಕೂತಿದ್ದೀರಿ, ಯಾವ ನದಿಯ ಯಾವ ದಿಕ್ಕಿನಲ್ಲಿ, ಯಾವ ತಿಥಿ, ಯಾವ ಗೋತ್ರ ಎಂದೆಲ್ಲ ಹೇಳಿಸುತ್ತಾರೆ. ದೇವರಿಗೆ ಗೊತ್ತಿಲ್ಲವೇ ಎಂದು ಚಿಕ್ಕಂದಿನಲ್ಲಿ ನಗುತ್ತಿದ್ದೆ. ಆರ್‌ಸಿಂಕ್ ಬಳಸಿದ ಮೇಲೆ ನಗು ನಿಂತಿದೆ. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಹೊರತಂದ ಈ ನಕಲು ಮಂತ್ರಕ್ಕೆ ಎಲ್ಲಿಂದ, ಎಲ್ಲಿಗೆ ಎಂಬುದನ್ನು ಅಕ್ಷರ ತಪ್ಪದೆ ಹೇಳಬೇಕು. ಹೊರಡುವ ಫೋಲ್ಡರಿನ ಹೆಸರಿನ ಕೊನೆಗೆ ಒಂದು ಓರೆಗೆರೆ ಎಳೆದರೆ ಡಬ್ಬದೊಳಗಿನ ಸಾಮಾನು ಮಾತ್ರ ಹೋಗುತ್ತದೆ. ಎಳೆಯದಿದ್ದರೆ ಡಬ್ಬ ಸಮೇತ. 'ಡಿಲೀಟ್' ಎಂಬ ಬಾಲ ಸೇರಿಸಿದರೆ ಮೂಲದಲ್ಲಿ ಇಲ್ಲದ್ದನ್ನೆಲ್ಲ ನಕಲಿನಲ್ಲೂ ಅಳಿಸುತ್ತದೆ, ಅಚ್ಚುಕಟ್ಟಾಗಿ. ಈಗ ಎಲ್ಲಿಂದ, ಎಲ್ಲಿಗೆ ಎಂಬುದು ತಿರುಗುಮುರುಗಾಯಿತು ಎಂದುಕೊಳ್ಳಿ. ಖಾಲಿ ಡಿಸ್ಕೇ ಮೂಲವಾಯಿತು, ನಿಮ್ಮ ಮನೆ ನಕಲಾಯಿತು. ಅಚ್ಚುಕಟ್ಟಾಗಿ ಮನೆ ಗುಡಿಸಿ ಹೋಗುತ್ತದೆ. ಆದ್ದರಿಂದ ಮೊದಲ ಸಲ 'ಎನ್' ಅಕ್ಷರ ಸೇರಿಸಿ ಹೇಳತಕ್ಕದ್ದು. ಆಗ ಏನೇನು ಮಾಡಲಿದ್ದೇನೆ ಎಂಬ ಪಟ್ಟಿ ಓದುತ್ತದೆಯೇ ಹೊರತು ಏನನ್ನೂ ಮುಟ್ಟುವುದಿಲ್ಲ. ಯಕ್ಷಗಾನದವರ ಟ್ರಯಲ್ ಇದ್ದ ಹಾಗೆ; ತಲೆ ಕಡಿಯುವ ದೃಶ್ಯದಲ್ಲೂ ಯಾರ ತಲೆಯೂ ಹೋಗುವುದಿಲ್ಲ.

ಚುಕ್ಕೆಯಿಂದ ಶುರುವಾಗುವ ಹೆಸರಿನ ಕಡತಗಳು ಕಣ್ಣಿಗೆ ಕಾಣುವುದಿಲ್ಲ. ಬ್ರೌಸರಿನ ಪಾಸ್‌ವರ್ಡು, ಮಿಂಚಂಚೆ, ಬೀಗದ ಕೀಲಿಗಳೆಲ್ಲ ಇರುವುದು ಅಲ್ಲಿ. ಕಾಣುವುದನ್ನಷ್ಟೇ ಮೌಸಿನಲ್ಲಿ ಬಾಚಿ ನಕಲಿಸಿದವರು ಮನೆಯ ಪೀಠೋಪಕರಣ ಸಾಗಿಸಿ ತಿಜೋರಿಯನ್ನು ಅಲ್ಲೇ ಬಿಟ್ಟುಬಂದಂತೆ.

ಈಗ ನನ್ನ ತಪ್ಪೊಪ್ಪಿಗೆ. ಆರು ತಿಂಗಳ ಕಾಲ ಪ್ರತಿ ಭಾನುವಾರ ಬೆಳಿಗ್ಗೆ, ಸ್ನಾನ ಮಾಡಿಯೇ, ಬ್ಯಾಕಪ್ ತೆಗೆದಿದ್ದೇನೆ. ಡಿಸ್ಕಿನ ದೀಪ ಮಿನುಗುತ್ತಿತ್ತು. ಮಂತ್ರ ದೋಷವಿಲ್ಲದೆ ಮುಗಿಯುತ್ತಿತ್ತು. ಒಂದು ದಿನ ಲ್ಯಾಪ್‌ಟಾಪಿನಲ್ಲಿ ಜಾಗವೇ ಇಲ್ಲ ಎಂದು ಯಂತ್ರ ಮುಷ್ಕರ ಹೂಡಿತು. ನೋಡಿದರೆ, ವಯರ್ ಸಡಿಲವಾಗಿ ಡಿಸ್ಕಿಗೆ ಕರೆಂಟು ಮಾತ್ರ ಹೋಗುತ್ತಿತ್ತು, ಡಿಸ್ಕ್ ಜೋಡಣೆಯಾಗಿರಲೇ ಇಲ್ಲ. ಅದು ಬಂದು ಕೂರಬೇಕಾದ ಜಾಗದಲ್ಲಿ ಅದೇ ಹೆಸರಿನ ಖಾಲಿ ಫೋಲ್ಡರ್ ಇತ್ತು. ಆರ್‌ಸಿಂಕ್ ತಕರಾರು ತೆಗೆಯದೆ ಅದಕ್ಕೇ ಸುರಿದಿತ್ತು. ಅಂದರೆ ಅರ್ಧ ವರ್ಷ ನಾನು ಲ್ಯಾಪ್‌ಟಾಪನ್ನು ಲ್ಯಾಪ್‌ಟಾಪಿಗೇ ಬ್ಯಾಕಪ್ ಮಾಡುತ್ತಿದ್ದೆ. ಬಲಕಿಸೆಯ ದುಡ್ಡನ್ನು ಎಡಕಿಸೆಗೆ ಹಾಕಿ ಬ್ಯಾಂಕಿಗೆ ಕಟ್ಟಿ ಬಂದೆ ಎಂದುಕೊಂಡ ಹಾಗೆ. ನಕಲು ಶುರುಮಾಡುವ ಮೊದಲು 'ಡಿಎಫ್' ಎಂಬ ಎರಡಕ್ಷರ ಒತ್ತಿ, ಡಿಸ್ಕ್ ನಿಜವಾಗಿಯೂ ಬಂದು ಕೂತಿದೆಯೇ ನೋಡತಕ್ಕದ್ದು. ಕಲಶದಲ್ಲಿ ದೇವರನ್ನು ಆವಾಹನೆ ಮಾಡದೆ ನೈವೇದ್ಯ ಇಡಬಾರದು.

ಕಥಾಶ್ರವಣ

ಡೆಬಿಯನ್ 12ರ ಹೆಸರು ಬುಕ್‌ವರ್ಮ್, 13ರದು ಟ್ರಿಕ್ಸಿ. ಎರಡೂ 'ಟಾಯ್ ಸ್ಟೋರಿ' ಸಿನಿಮಾಗಳ ಆಟಿಕೆಗಳು. 1996ರಲ್ಲಿ ಡೆಬಿಯನ್ನಿನ ಮುಂದಾಳಾಗಿದ್ದ ಬ್ರೂಸ್ ಪೆರೆನ್ಸ್ ಆ ಸಿನಿಮಾ ತೆಗೆದ ಪಿಕ್ಸಾರ್ ಸ್ಟುಡಿಯೋದಲ್ಲೇ ಕೆಲಸಕ್ಕಿದ್ದ. ಹಾಗೆ ಬಂದ ಹೆಸರುಗಳು ಇವು. ಎಂದೆಂದಿಗೂ ಅಸ್ಥಿರವಾಗಿರುವ ಆವೃತ್ತಿಗೆ ಸಿಡ್ ಎಂದು ಹೆಸರು, ಆಟಿಕೆ ಮುರಿಯುವ ಪಕ್ಕದ ಮನೆಯ ಹುಡುಗನದು. ಇಷ್ಟು ತಿಳಿದ ಮೇಲೆ ಕೇಳಿ, ಅದೇ ಸ್ಟುಡಿಯೋದ ಕಥೆ.

1998. 'ಟಾಯ್ ಸ್ಟೋರಿ 2' ತಯಾರಾಗುತ್ತಿತ್ತು. ಯಾರೋ ಒಬ್ಬರು ಸಿನಿಮಾ ಇದ್ದ ಜಾಗದಲ್ಲಿ ಅಳಿಸುವ ಆಜ್ಞೆ ಕೊಟ್ಟುಬಿಟ್ಟರು. ಓರೆನ್ ಜೇಕಬ್ ಮತ್ತು ಜೊತೆಯವರು ಪರದೆಯಲ್ಲಿ ವುಡಿ ಎಂಬ ಬೊಂಬೆಯ ಕಡತಗಳನ್ನು ನೋಡುತ್ತಿದ್ದವರು, ಅವು ಕಣ್ಣೆದುರಿಗೇ ಕಡಿಮೆಯಾಗುತ್ತ ಬಂದದ್ದನ್ನು ಕಂಡರು. ಟೋಪಿ ಹೋಯಿತು, ಇನ್ನೂ ಏನೇನೋ ಹೋಯಿತು. ಯಂತ್ರದ ಕೋಣೆಗೆ ಫೋನ್ ಮಾಡಿ ವಯರ್ ಕೀಳಿ ಎಂದು ಕೂಗಿದರು. ಅಷ್ಟರಲ್ಲಿ ಸಿನಿಮಾದ ಬಹುಪಾಲು ಮಾಯ. ಇರಲಿ, ಬ್ಯಾಕಪ್ ಇದೆಯಲ್ಲ ಎಂದುಕೊಂಡರು. ಬ್ಯಾಕಪ್ ಸರಿಯಾಗಿ ಕೆಲಸ ಮಾಡದೆ ವಾರಗಳೇ ಕಳೆದಿದ್ದವು, ಯಾರೂ ನೋಡಿರಲಿಲ್ಲ. ಭರಣಿ ಇತ್ತು, ಬಾಯಿ ಬಿಚ್ಚಿರಲಿಲ್ಲ.

ಕಾಪಾಡಿದ್ದು ಒಬ್ಬ ಬಾಣಂತಿ. ಚಿತ್ರದ ತಾಂತ್ರಿಕ ಮೇಲ್ವಿಚಾರಕಿ ಗೇಲಿನ್ ಸುಸ್ಮನ್‌ಗೆ ಮಗುವಾಗಿತ್ತು. ಮನೆಯಿಂದಲೇ ಕೆಲಸ ಮಾಡಲೆಂದು ಸಿನಿಮಾದ ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಜೋಪಾನವಾಗಿ ಸ್ಟುಡಿಯೋಗೆ ತಂದರು. ಮೂರು-ಎರಡು-ಒಂದರಲ್ಲಿ ಆ ಕೊನೆಯ 'ಒಂದು' ಇದ್ದದ್ದು ಬಾಣಂತನದ ಕೋಣೆಯಲ್ಲಿ. ಕಂಬಳಿಯ ವಿಷಯ ಹೇಳಿದಾಗ ಅಮ್ಮ, "ಮತ್ತೆ? ಥಂಡಿ ಆಗಬಾರದಲ್ಲ" ಎಂದು ತಲೆದೂಗಿದರು.

ಇದಕ್ಕೊಂದು ಉಪಕಥೆ. ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್, ಪುಕ್ಕಲರು ಬ್ಯಾಕಪ್ ಇಡುತ್ತಾರೆ, ಗಂಡೆದೆಯವರು ತಮ್ಮದನ್ನು ಲೋಕಕ್ಕೆ ಹಂಚುತ್ತಾರೆ, ಲೋಕವೇ ನಕಲು ಇಟ್ಟುಕೊಳ್ಳುತ್ತದೆ ಎಂಬರ್ಥದ ತಮಾಷೆ ಮಾಡಿದ್ದುಂಟು. ಅವನ ಲಿನಕ್ಸನ್ನು ಲೋಕ ನಿಜಕ್ಕೂ ಕಾಪಿಟ್ಟಿತು. ನಿಮ್ಮ ಮನೆಯ ನಾಮಕರಣದ ಫೋಟೋಗಳಿಗೆ ಲೋಕ ಅಷ್ಟು ಆಸ್ಥೆ ತೋರಿಸುವುದಿಲ್ಲ.

ಪ್ರಧಾನ ವಿಧಿ

ಇದು ಚಿಕ್ಕದು. ಬ್ಯಾಕಪ್ ಸರಿಯಿದ್ದವನಿಗೆ ಅಪ್‌ಗ್ರೇಡ್ ಎಂಬುದು ಕಾಯುವ ಕೆಲಸ ಅಷ್ಟೆ.

ಇರುವ 12ನ್ನೇ ಮೊದಲು ಪೂರ್ತಿ ಸರಿಮಾಡಿಕೊಳ್ಳತಕ್ಕದ್ದು. ಹೊರಗಿನವರಿಂದ ತಂದು ಸೇರಿಸಿದ ತಂತ್ರಾಂಶ ಮೂಲಗಳನ್ನು ತಾತ್ಕಾಲಿಕವಾಗಿ ಬಾಗಿಲಾಚೆ ನಿಲ್ಲಿಸತಕ್ಕದ್ದು. ಬಿಡುಗಡೆಯ ಟಿಪ್ಪಣಿ ಓದತಕ್ಕದ್ದು. (ಮಿಕ್ಸಿಯ ಕೈಪಿಡಿ ನೆನಪಾಯಿತೇ? ಆದರೂ.) ಆ ಟಿಪ್ಪಣಿಯಲ್ಲಿ 13ರಿಂದ 'ಟಿಎಂಪಿ' ಫೋಲ್ಡರ್ ಡಿಸ್ಕಿನಲ್ಲಲ್ಲ, ಮೆಮೊರಿಯಲ್ಲಿ ಇರುತ್ತದೆ ಎಂಬ ಮಾತಿದೆ. ಅಂದರೆ ಯಂತ್ರ ಆರಿಸಿದರೆ ಅದರಲ್ಲಿದ್ದದ್ದೂ ಆರಿಹೋಯಿತು. ಅದನ್ನು ಜಗಲಿಯಂತೆ ಬಳಸಿ ಕಂಡಕಂಡದ್ದನ್ನು ಎಸೆಯುತ್ತಿದ್ದ ನನ್ನಂಥವರು ಒಳಗೆ ತಂದಿಡುವುದು ಒಳ್ಳೆಯದು.

ಆಮೇಲೆ ಮೂಲಗಳ ಪಟ್ಟಿಯಲ್ಲಿ ಬುಕ್‌ವರ್ಮ್ ಎಂದಿದ್ದಲ್ಲೆಲ್ಲ ಟ್ರಿಕ್ಸಿ ಎಂದು ತಿದ್ದತಕ್ಕದ್ದು. ಒಂದು ಶಬ್ದ ಬದಲಾಯಿಸಿದರೆ ಒಂದು ಯುಗ ಬದಲಾಗುತ್ತದೆ. ವ್ಯಾಕರಣದ ಮೇಷ್ಟರಾಗಿದ್ದ ಅಪ್ಪನಿಗೆ ಇದೊಂದು ಮೆಚ್ಚುಗೆಯಾಯಿತು. ಬಳಿಕ 'ಆಪ್ಟ್ ಅಪ್‌ಡೇಟ್', ಅದಾದ ಮೇಲೆ ಹೊಸದನ್ನು ಸೇರಿಸದೆ ಒಂದು ಸುತ್ತು 'ಅಪ್‌ಗ್ರೇಡ್', ಕೊನೆಗೆ 'ಫುಲ್ ಅಪ್‌ಗ್ರೇಡ್'. ಡೆಬಿಯನ್ 13ರ ಕಣಜದಲ್ಲಿ ಒಟ್ಟು 69,830 ಪ್ಯಾಕೇಜುಗಳಿವೆ. ನಿಮ್ಮ ಯಂತ್ರಕ್ಕೆ ಬೇಕಾದದ್ದು ಅದರಲ್ಲಿ ಒಂದು ಮುಷ್ಟಿ. ಆ ಮುಷ್ಟಿ ಇಳಿಯಲು ನಮ್ಮೂರಿನ ನೆಟ್‌ವರ್ಕಿಗೆ ಮಧ್ಯಾಹ್ನದ ಊಟ, ಒಂದು ನಿದ್ದೆ, ಸಂಜೆಯ ಹಾಲು ಕರೆಯುವುದು, ಇಷ್ಟು ಹಿಡಿಯಿತು.

ನಡುವೆ ಯಂತ್ರ ಒಂದು ಪ್ರಶ್ನೆ ಕೇಳುತ್ತದೆ: ಈ ಸಂರಚನೆಯ ಕಡತವನ್ನು ನೀವು ತಿದ್ದಿದ್ದೀರಿ, ನಿಮ್ಮದನ್ನೇ ಇಡಲೇ, ಹೊಸದನ್ನು ಹಾಕಲೇ? ಸುಮ್ಮನೆ ಎಂಟರ್ ಒತ್ತಿದರೆ ನಿಮ್ಮದೇ ಉಳಿಯುತ್ತದೆ. ಹೊಸ ಸೊಸೆ ಮೊದಲ ದಿನ ಅಡುಗೆಮನೆಗೆ ಬಂದು, ಅತ್ತೆ, ಸಾಸಿವೆ ಡಬ್ಬ ಇದ್ದಲ್ಲೇ ಇರಲಾ ಎಂದು ಕೇಳುವ ಪ್ರಶ್ನೆ ಇದು. ಕೇಳಿದ್ದಕ್ಕೇ ಅರ್ಧ ಸಂಸಾರ ಗೆದ್ದ ಹಾಗೆ. ನೆನಪಿಲ್ಲದಿದ್ದರೆ ಇದ್ದಲ್ಲೇ ಇರಲಿ ಅನ್ನಿ, ಆಮೇಲೆ ನಿಧಾನ ನೋಡಿದರಾಯಿತು.

ಏಳು ಗಂಟೆಗೆ ಗುಡುಗು. ಏಳೂ ಹತ್ತಕ್ಕೆ ಕರೆಂಟು ಹೋಯಿತು. ಗಾಬರಿ ಬೇಡ, ಆಪ್ಟ್ ಎಲ್ಲವನ್ನೂ ಮೊದಲೇ ಇಳಿಸಿಕೊಂಡು ಆಮೇಲೆ ಬಿಚ್ಚಲು ಕೂರುತ್ತದೆ, ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲುವುದಿಲ್ಲ ಎಂದು ಮನೆಯವರಿಗೆಲ್ಲ ಮೇಣದಬತ್ತಿಯ ಬೆಳಕಿನಲ್ಲಿ ಉಪನ್ಯಾಸ ಕೊಟ್ಟೆ. ನಿಜವೇ. ಆದರೆ ನನ್ನ ಲ್ಯಾಪ್‌ಟಾಪಿನ ಬ್ಯಾಟರಿಗೆ ಇಪ್ಪತ್ತೇ ನಿಮಿಷದ ಆಯುಷ್ಯವೆಂಬುದನ್ನು ಮರೆತಿದ್ದೆ. ಉಪನ್ಯಾಸ ಮುಗಿಯುವ ಮೊದಲೇ ಪರದೆ ಕಪ್ಪಾಯಿತು. ಅರ್ಧ ಬುಕ್‌ವರ್ಮ್, ಅರ್ಧ ಟ್ರಿಕ್ಸಿ; ನರಸಿಂಹಾವತಾರ.

"ಎಂಥ ಆಯ್ತೋ ಮಾರಾಯ?" ಎಂದರು ಅಪ್ಪ ಕತ್ತಲೆಯಿಂದ.

"ಏನಿಲ್ಲ ಅಪ್ಪಾ, ಹೊಸ್ತಿಲ ಮೇಲೆ ಕೂತಿದೆ."

ಒಂಬತ್ತೂವರೆಗೆ ಕರೆಂಟು ಬಂತು. ಯಂತ್ರ ಬಣ್ಣಬಣ್ಣದ ಮೇಜಿನ ಬದಲು ಕಪ್ಪು ಪರದೆಯಲ್ಲಿ ಎದ್ದಿತು. ಇಂಥ ಹೊತ್ತಿಗೆ ಹೇಳಬೇಕಾದ ಮಂತ್ರವನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದೆ (ಸಾಮಗ್ರಿಯಲ್ಲಿ ಹಾಳೆ ಯಾಕೆಂದು ಈಗ ತಿಳಿಯಿತಲ್ಲ): 'ಡಿಪಿಕೆಜಿ', ಎರಡು ಅಡ್ಡಗೆರೆ 'ಕಾನ್ಫಿಗರ್', ಒಂದು ಅಡ್ಡಗೆರೆ 'ಎ'. ಅರ್ಧಕ್ಕೆ ನಿಂತ ಪ್ಯಾಕೇಜುಗಳು ಒಂದೊಂದಾಗಿ ಎದ್ದು ತಮ್ಮ ತಮ್ಮ ಜಾಗದಲ್ಲಿ ಕೂತವು. ಮತ್ತೊಮ್ಮೆ 'ಫುಲ್ ಅಪ್‌ಗ್ರೇಡ್'. ರಾತ್ರಿ ಹನ್ನೊಂದೂವರೆಗೆ ಯಂತ್ರ ಆರಿ ಎದ್ದಾಗ ಕರ್ನಲ್ 6.1 ಹೋಗಿ 6.12 ಬಂದಿತ್ತು. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ ಮೊದಲು ಒತ್ತಿದ್ದು 'ಕ'. ಕ ಬಂತು. ಮಂಗಳಾರತಿ ಮಾಡಿ ಮಲಗಿದೆ.

ಪ್ರಸಾದ

ಎಲ್ಲರೂ ಎಡವುವುದು ಇಲ್ಲಿ. ಗಂಡನ ದೋಣಿ ಬಂತೆಂಬ ಸುದ್ದಿ ಕೇಳಿದ ಕಲಾವತಿ ಪೂಜೆ ಮುಗಿಸಿದಳು, ಪ್ರಸಾದ ತೆಗೆದುಕೊಳ್ಳದೆ ದಡಕ್ಕೆ ಓಡಿದಳು. ದೋಣಿ ಮುಳುಗಿತು. ನಕಲು ಮುಗಿಯಿತು ಎಂದು ಪರದೆ ಹೇಳಿದ ಕೂಡಲೇ ಡಿಸ್ಕ್ ಕಿತ್ತು ಡಬ್ಬಕ್ಕೆ ಹಾಕುವವರೆಲ್ಲ ಕಲಾವತಿಯರೇ. ಬ್ಯಾಕಪ್ಪಿನ ಪ್ರಸಾದವೆಂದರೆ, ಅದರೊಳಗಿನ ಒಂದು ಕಡತವನ್ನು ಹೊರತೆಗೆದು ತೆರೆದು ನೋಡುವುದು. ಮೂಲದ ಕಡತವನ್ನಲ್ಲ, ನಕಲನ್ನು. ಇದನ್ನು ಅಪ್‌ಗ್ರೇಡಿಗೆ ಮೊದಲೇ ಮಾಡಬೇಕಿತ್ತು. ನಾನು ಮಾಡಿದ್ದು ಮರುದಿನ.

ಕಣ್ಣು ಮುಚ್ಚಿ ಒಂದು ಕಡತ ಆರಿಸಿದೆ. ಅಪ್ಪ ನಿವೃತ್ತರಾದ ಹೊಸತರಲ್ಲಿ ನಮ್ಮೂರಿನ ಕೆರೆಗಳ ಬಗ್ಗೆ ಎರಡು ವರ್ಷ ಕೂತು ಟೈಪ್ ಮಾಡಿದ್ದ ಬರಹ ಅದು. ಯಾವ ಕೆರೆ ಯಾರು ಕಟ್ಟಿಸಿದ್ದು, ತೂಬು ಎಲ್ಲಿತ್ತು, ಹೂಳೆತ್ತುವ ಸರದಿ ಯಾವ ಮನೆಯವರದು, ಎಲ್ಲ ಇತ್ತು. ತೆರೆದೆ. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಒಂದೊಂದರ ತಲೆಯ ಮೇಲೂ ಕೊಂಬು, ಬಾಲ, ಚುಕ್ಕೆ. ದೋಣಿಯ ತುಂಬ ಬಳ್ಳಿ ಎಲೆ.

ಬ್ಯಾಕಪ್ ಒಂದು ಬೈಟನ್ನೂ ಕಳೆದಿರಲಿಲ್ಲ. ಅಪ್‌ಗ್ರೇಡೂ ಏನನ್ನೂ ಕೆಡಿಸಿರಲಿಲ್ಲ. ಅಪ್ಪ ಅದನ್ನು ಬರೆದದ್ದು ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ. ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ, ಲಿನಕ್ಸ್ ಹುಟ್ಟಿದ ವರ್ಷದಲ್ಲೇ. ಆದರೆ ಅದು ನಮ್ಮ ಮೇಜಿಗೆ ಬರುವಷ್ಟರಲ್ಲಿ ಒಂದಿಡೀ ತಲೆಮಾರು ನುಡಿ, ಬರಹ, ಶ್ರೀಲಿಪಿ ಎಂದು ಬರೆದು ಮುಗಿಸಿತ್ತು. ಆ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಗೂಡುಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದರು: ಒಂದರಲ್ಲಿ ತಲೆಕಟ್ಟು, ಒಂದರಲ್ಲಿ ಕೊಂಬು, ಒಂದರಲ್ಲಿ ಒತ್ತು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೂಡು ಮಾತ್ರ. ಡೆಬಿಯನ್ನಿನಲ್ಲಿ ಗುಬ್ಬಿ, ನವಿಲು, ಲೋಹಿತ್ ಎಂದು ಕನ್ನಡ ಫಾಂಟುಗಳಿವೆ, ಚೆನ್ನಾಗಿವೆ, ಎಲ್ಲವೂ ಯುನಿಕೋಡಿನವು. ಈ ಬೀಗಕ್ಕೆ ಆ ಕೀಲಿ ಅಲ್ಲ. ಎಷ್ಟು ವರ್ಷದಿಂದ ಎಷ್ಟು ಡಿಸ್ಕುಗಳಿಗೆ ನಾನು ಇದನ್ನು ಶ್ರದ್ಧೆಯಿಂದ ನಕಲಿಸುತ್ತ ಬಂದಿದ್ದೆನೋ, ಒಂದು ದಿನವಾದರೂ ತೆರೆದಿದ್ದರೆ ತಾನೇ.

ಹಳೆಯದನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಒಂದರಲ್ಲಿ ಹಾಕಿದೆ, ಕೆರೆ ಏರಿ ತೂಬು ಎಲ್ಲ ಎದ್ದು ಬಂದವು. ಹಾಳೆಯಲ್ಲಿ ಮುದ್ರಿಸಿ ಅಪ್ಪನ ಕೈಗಿಟ್ಟೆ. ಕನ್ನಡಕ ಏರಿಸಿ ಎರಡನೇ ಸಾಲಿಗೇ ನಿಂತರು.

"ಇದೆಂಥದೋ, ವಷರ್?"

"ವರ್ಷ ಅಪ್ಪಾ."

"ನಾನು ವರ್ಷ ಅಂತ್ಲೇ ಬರ್ದಿದ್ದೆ. ಇಲ್ಲಿ ನೋಡು, ಸೂಯರ್. ಇಲ್ಲಿ ಕಾಯರ್. ಕೆರೆ ಕಟ್ಟಿದ ಕಾಯರ್ ಅಂತೆ! ಯಾವ ಶಾಲೇಲಿ ಓದಿದ್ದು ನಿನ್ನ ಕಂಪ್ಯೂಟರು?"

ಅರ್ಕಾವೊತ್ತು. ಬರೆಯುವಾಗ ಅದು ಅಕ್ಷರದ ಬಲಕ್ಕೆ ಕೂರುತ್ತದೆ, ಉಚ್ಚರಿಸುವಾಗ ಮೊದಲು ಬರುತ್ತದೆ. ಹಳೆಯ ಪದ್ಧತಿ ಕಣ್ಣಿಗೆ ಕಂಡ ಕ್ರಮದಲ್ಲಿ ಕೂಡಿಡುತ್ತಿತ್ತು, ಯುನಿಕೋಡ್ ಕಿವಿಗೆ ಕೇಳಿದ ಕ್ರಮದಲ್ಲಿ. ನಾನು ಬಳಸಿದ ಪರಿವರ್ತಕಕ್ಕೆ ಈ ಸೂಕ್ಷ್ಮ ತಿಳಿದಿರಲಿಲ್ಲ. ಬೇರೆ ಪರಿವರ್ತಕ ಹುಡುಕುತ್ತೇನೆ, ಅಥವಾ ಎಲ್ಲವನ್ನೂ ಒಂದೇ ಏಟಿಗೆ ತಿದ್ದುವ ಆಜ್ಞೆ ಬರೆಯುತ್ತೇನೆ, ಹಾಳೆ ಕೊಡಿ ಎಂದೆ. ಕೊಡಲಿಲ್ಲ. ಕೆಂಪು ಶಾಯಿಯ ಪೆನ್ನು ತರಿಸಿಕೊಂಡು ಜಗಲಿಯಲ್ಲಿ ಕೂತರು. ಹತ್ತು ದಿನ ಹಿಡಿಯಿತು. ಅರ್ಕಾವೊತ್ತುಗಳ ಜೊತೆಗೆ ತೂಬಿನ ಅಳತೆ ಒಂದೆರಡು ಕಡೆ ತಪ್ಪಾಗಿದ್ದದ್ದನ್ನೂ ತಿದ್ದಿದರು, ಅದು ಯಾವ ಡಿಸ್ಕಿನಲ್ಲೂ ಇರದಿದ್ದ ಮಾಹಿತಿ. ಕೊನೆಯ ಪುಟದ ಕೆಳಗೆ ಗೆರೆ ಎಳೆದು ನನ್ನ ಯಂತ್ರಕ್ಕೆ ಹತ್ತಕ್ಕೆ ಆರೂವರೆ ಅಂಕ ಕೊಟ್ಟರು.

ಆ ಹಾಳೆಗಳು ಈಗ ಕಪಾಟಿನ ಮೇಲಿನ ಅರೆಯಲ್ಲಿ, ಮಿಕ್ಸಿಯ ಕೈಪಿಡಿಯ ಪಕ್ಕ ಇವೆ. ಕೆಂಪು ತಿದ್ದುಪಡಿಯಿರುವುದು ಅದೊಂದೇ ಪ್ರತಿ. ಶಿರಸಿಯ ತಂಗಿಯ ಮನೆಗೆ ಕಳಿಸಲು ಒಂದು ಜೆರಾಕ್ಸ್ ತೆಗೆಸಬೇಕು. ತುಳಸಿ ಮದುವೆ ಒಂದು ಕಳೆಯಲಿ ಎಂದುಕೊಂಡಿದ್ದೇನೆ.